ಅಟ್ಟದಿಂದ ಇಳಿದ ಹಳೇ ಆಟಿಕೆ ರೈಲು: ರಿಪೇರಿಯಿಂದ ಶೋಕೇಸ್‌ವರೆಗೆ

ಹಳೆಯ ಮಾದರಿ ರೈಲು ಕೈಗೆ ಸಿಕ್ಕವರು ಕೇಳುವುದು ಹೆಚ್ಚಾಗಿ ಮೂರೇ ಪ್ರಶ್ನೆ. ಯಾವುದರಲ್ಲಿ ಒರೆಸಬೇಕು? ಹೊಸ ಬಣ್ಣ ಹೊಡೆಯಬಹುದಾ? ಕರೆಂಟ್ ಕೊಟ್ಟರೆ ಓಡುತ್ತಾ? ಅವಸರದಲ್ಲಿರುವವರಿಗೆ ಉತ್ತರ ಇಷ್ಟು: ಒಣ ಬ್ರಷ್‌ನಲ್ಲಿ ಒರೆಸಿ, ಬಣ್ಣ ಬೇಡ, ಕರೆಂಟ್ ಈಗಲೇ ಕೊಡಬೇಡಿ. ಸ್ವಲ್ಪ ಬಿಡುವು ಇದ್ದವರು ಮುಂದೆ ಓದಿ.

ಹಳೆಯದು ಅಂದಾಗ ನಾನು ಹೇಳುತ್ತಿರುವುದು ಸುಮಾರು 1900ರಿಂದ 1970ರ ನಡುವೆ ತಯಾರಾದ ರೈಲುಗಳ ಬಗ್ಗೆ. ಕೀ ಕೊಡುವ ತಗಡಿನ ಇಂಜಿನ್, ಮೂರು ಹಳಿಯ ಮೇಲೆ ಓಡುವ ಭಾರದ ಎರಕದ ಇಂಜಿನ್, ಮೊದಲ ತಲೆಮಾರಿನ ಪ್ಲಾಸ್ಟಿಕ್ ರೈಲು, ಎಲ್ಲವೂ ಇದರಲ್ಲಿ ಬಂತು. ಇವುಗಳನ್ನು ರಿಪೇರಿ ಮಾಡುವಾಗ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ನಾಳೆ ಬೇಡ ಅನ್ನಿಸಿದರೆ ವಾಪಸ್ ಮಾಡಲು ಆಗುವಂಥ ಕೆಲಸವನ್ನು ಮಾತ್ರ ಮಾಡಿ. ಕೊಳೆ ತೆಗೆಯುವುದು, ಎಣ್ಣೆ ಹಾಕುವುದು, ತಂತಿ ಬದಲಿಸುವುದು ಪರವಾಗಿಲ್ಲ. ಉಜ್ಜಿ ತೆಗೆದ ಬಣ್ಣ ಮಾತ್ರ ಯಾವತ್ತೂ ವಾಪಸ್ ಬರುವುದಿಲ್ಲ.

ಬೇಕಾಗುವ ಸಾಮಾನು

ದೊಡ್ಡ ವರ್ಕ್‌ಶಾಪ್ ಏನೂ ಬೇಡ. ಮೆತ್ತನೆಯ ಬ್ರಷ್ ಎರಡು, ಹತ್ತಿ ಕಡ್ಡಿ, ನೂಲು ಬಿಡದ ಹತ್ತಿ ಬಟ್ಟೆ, ಮರದ ಟೂತ್‌ಪಿಕ್, ಚಿಮಟ, ಮಲ್ಟಿಮೀಟರ್, ಐಸೊಪ್ರೊಪೈಲ್ ಆಲ್ಕೊಹಾಲ್, ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಗ್ರೀಸ್. ಸ್ಕ್ರೂಡ್ರೈವರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತುದಿ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರಬೇಕು. ಸಣ್ಣದನ್ನು ಹಾಕಿ ತಿರುಗಿಸಿದರೆ ತಲೆ ಕಿತ್ತುಹೋಗುತ್ತದೆ, ಆಮೇಲೆ ಅದನ್ನು ನೋಡಿದವರಿಗೆಲ್ಲ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಗೊತ್ತಾಗುತ್ತದೆ.

ಕೆಲಸ ಮಾಡುವ ಜಾಗದಲ್ಲಿ ಬಿಳಿ ಬಟ್ಟೆ ಹಾಸಿ, ಅಂಚು ಎತ್ತರವಿರುವ ಟ್ರೇ ಇಟ್ಟುಕೊಳ್ಳಿ. ಮೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡಿನ (ಇದಕ್ಕೂ ಬ್ರಷ್ ಅನ್ನುತ್ತಾರೆ) ಹಿಂದಿನ ಸ್ಪ್ರಿಂಗ್ ಒಮ್ಮೆ ಹಾರಿತೆಂದರೆ ನೆಲದ ಮೇಲೆ ಹುಡುಕುವುದು ದಂಡ.

1. ಮೊದಲು ಗುರುತು ಹಿಡಿಯಿರಿ

ತಳ ತಿರುಗಿಸಿ ನೋಡಿ. ತಯಾರಕರ ಹೆಸರು, ನಂಬರ್, ಕೆಲವೊಮ್ಮೆ ವೋಲ್ಟೇಜ್ ಸಹ ಅಲ್ಲೇ ಇರುತ್ತದೆ. ಆಮೇಲೆ ಗೇಜ್ ಅಳೆಯಿರಿ. ಗೇಜ್ ಅಂದರೆ ಎರಡು ಹೊರ ಹಳಿಗಳ ಒಳಅಂಚಿನ ನಡುವಿನ ಅಂತರ. 45 ಮಿ.ಮೀ. ಇದ್ದರೆ ಒಂದನೇ ನಂಬರ್ ಗೇಜ್, 32 ಇದ್ದರೆ ಓ, 22.5 ಇದ್ದರೆ ಎಸ್, 16.5 ಇದ್ದರೆ ಎಚ್ಓ ಅಥವಾ ಓಓ, 9 ಇದ್ದರೆ ಎನ್. ಎಚ್ಓ ಮತ್ತು ಓಓ ಒಂದೇ ಹಳಿಯ ಮೇಲೆ ಓಡುತ್ತವೆ, ಆದರೆ ಅಳತೆ ಬೇರೆ. ಎಚ್ಓ ನಿಜವಾದ ರೈಲಿನ 87ನೇ ಒಂದು ಭಾಗ, ಬ್ರಿಟನ್‌ನ ಓಓ 76ನೇ ಒಂದು ಭಾಗ. ಪಕ್ಕಪಕ್ಕ ಇಟ್ಟರೆ ಒಂದು ಊದಿಕೊಂಡ ಹಾಗೆ ಕಾಣುತ್ತದೆ.

ಈ ಸಂಖ್ಯೆಗಳಿಗೆ ಒಂದು ಹಿನ್ನೆಲೆ ಇದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಗೊತ್ತಾದ ಗೇಜ್‌ಗಳ ರೈಲು ಸೆಟ್ ತೋರಿಸಿತು. ಹಳಿ, ಬೋಗಿಗಳನ್ನು ಬಿಡಿಬಿಡಿಯಾಗಿ ಕೊಂಡು ಸೇರಿಸುತ್ತಾ ಹೋಗುವ ಪದ್ಧತಿ ಅಲ್ಲಿಂದ ಬೆಳೆಯಿತು. ಅಮೆರಿಕದ ಲಯೋನೆಲ್ 1900ರಲ್ಲಿ ಶುರುವಾಯಿತು. ಬ್ರಿಟನ್‌ನ ಹಾರ್ನ್‌ಬಿ 1920ರಲ್ಲಿ ಕೀ ಕೊಡುವ ಓ ಗೇಜ್ ರೈಲು ತಂದಿತು, 1938ರಲ್ಲಿ ಅದರ ಅರ್ಧದಷ್ಟು ಗಾತ್ರದ ಡಬ್ಲೋ ಸೆಟ್ ತಂದಿತು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ: ನಿಮ್ಮ ಇಂಜಿನ್‌ಗೆ ಬೇಕಾದ್ದು ಎಸಿ ಕರೆಂಟಾ, ಡಿಸಿ ಕರೆಂಟಾ? ಡಿಸಿ ಅಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್. ಎಸಿ ಅಂದರೆ ಗೋಡೆಯ ಪ್ಲಗ್ಗಿನಲ್ಲಿ ಬರುವ ಹಾಗೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ರೈಲಿಗೆ ಅದನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸಿ ಕೊಡುತ್ತಾರೆ.

ಮೂರು ಹಳಿ ಇದ್ದರೆ ಎಸಿ, ಎರಡು ಇದ್ದರೆ ಡಿಸಿ ಅಂತ ಬಹಳ ಜನ ನಂಬಿದ್ದಾರೆ. ತಪ್ಪು. ಹಾರ್ನ್‌ಬಿ ಡಬ್ಲೋ 1959ರವರೆಗೂ ಮೂರು ಹಳಿಯದ್ದೇ, ಆದರೆ ಅದು ಓಡುವುದು 12 ವೋಲ್ಟ್ ಡಿಸಿಯಲ್ಲಿ. ಅಮೆರಿಕನ್ ಫ್ಲೈಯರ್ ಅನ್ನುವ ಬ್ರ್ಯಾಂಡ್‌ನ ಎಸ್ ಗೇಜ್ ರೈಲಿಗೆ ಎರಡೇ ಹಳಿ, ಆದರೆ ಅದು ಎಸಿ. ಲಯೋನೆಲ್‌ನ ಓ ಗೇಜ್ ರೈಲು ಮತ್ತು ಮಾರ್ಕ್ಲಿನ್‌ನ ಹಳೆಯ ಎಚ್ಓ ಎರಡೂ ಎಸಿ. ಒಳಗೆ ಕಾಯಂ ಆಯಸ್ಕಾಂತ ಇರುವ ಡಿಸಿ ಮೋಟರಿಗೆ ಎಸಿ ಕೊಟ್ಟರೆ ಅದು ಓಡುವುದಿಲ್ಲ. ನಿಂತಲ್ಲೇ ಗುಂಯ್ ಅನ್ನುತ್ತಾ ಬಿಸಿಯಾಗಿ ಸುಡುತ್ತದೆ. ಈಗಿನ ಡಿಜಿಟಲ್ ಹಳಿಯ ಮೇಲೆ (ಅದರಲ್ಲಿ ದಿಕ್ಕು ಬದಲಿಸುವ ಕರೆಂಟ್ ಸದಾ ಇರುತ್ತದೆ) ಹಳೆಯ ಡಿಸಿ ಇಂಜಿನ್ ಇಟ್ಟರೂ ಇದೇ ಗತಿ. ಹಾಗಾಗಿ ಹಳಿ ಎಣಿಸಬೇಡಿ, ಮಾಡೆಲ್ ನಂಬರ್ ಹುಡುಕಿ.

2. ಏನನ್ನೂ ಮುಟ್ಟುವ ಮುಂಚೆ ಕಾಯಿಲೆ ನೋಡಿ

ನಾಲ್ಕೂ ಕಡೆಯಿಂದ, ತಳದಿಂದ, ತಲೆಯ ಮೇಲಿಂದ ಫೋಟೊ ತೆಗೆದಿಡಿ. ಆಮೇಲೆ ಒಳ್ಳೆ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು, ಎರಡು ಕಾಯಿಲೆಗಳನ್ನು ಹುಡುಕಿ.

ಮೊದಲನೆಯದು ಸತುವಿನ ಕೊಳೆತ. ಹಳೆಯ ಎರಕದ ಚಕ್ರ, ಚಾಸಿಸ್‌ಗಳನ್ನು ಹೆಚ್ಚಾಗಿ ಸತುವಿನ ಮಿಶ್ರಲೋಹದಿಂದ ಮಾಡುತ್ತಿದ್ದರು. ಮಜಾಕ್, ಜಮಾಕ್ ಅಂತೆಲ್ಲ ಕರೆಯುವುದು ಇದನ್ನೇ. ಎರಕ ಹೊಯ್ಯುವಾಗ ಸ್ವಲ್ಪ ಸೀಸದಂಥ ಕಲ್ಮಶ ಸೇರಿಕೊಂಡರೂ ಸಾಕು, ಲೋಹದ ಕಣಗಳ ನಡುವೆ ಒಳಗಿಂದೊಳಗೇ ಕೊರೆತ ಶುರುವಾಗುತ್ತದೆ. ಎಷ್ಟೋ ವರ್ಷ ಏನೂ ಕಾಣುವುದಿಲ್ಲ. ಆಮೇಲೆ ಬಣ್ಣದ ಕೆಳಗೆ ಜೇಡರ ಬಲೆಯಂಥ ಸಣ್ಣ ಬಿರುಕು ಬರುತ್ತದೆ, ಲೋಹ ಉಬ್ಬುತ್ತದೆ, ಚಾಸಿಸ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಕೊನೆಗೆ ಚಕ್ರದ ಅಂಚು ಬೆರಳಲ್ಲಿ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ರೈಲುಗಳಲ್ಲಿ ಇದು ಜಾಸ್ತಿ.

ಇದಕ್ಕೆ ಔಷಧಿ ಇಲ್ಲ. ಅಂಟು ಸುರಿದರೂ, ಮೆರುಗೆಣ್ಣೆ ಬಳಿದರೂ ಒಳಗಿನ ಕೊರೆತ ನಿಲ್ಲುವುದಿಲ್ಲ. ಬಿಸಿ ಮತ್ತು ತೇವ ಅದನ್ನು ಇನ್ನಷ್ಟು ಬೇಗ ಮಾಡುತ್ತವೆ, ಅಷ್ಟೇ. ಆದರೆ ಇದು ಅಂಟುರೋಗ ಅಲ್ಲ, ಪಕ್ಕದ ಇಂಜಿನ್‌ಗೆ ಹರಡುವುದಿಲ್ಲ. ಚಕ್ರ ಮಾತ್ರ ಹಾಳಾಗಿದ್ದರೆ ಬದಲಿ ಚಕ್ರ ಹಾಕಬಹುದು. ಜನಪ್ರಿಯ ಮಾಡೆಲ್‌ಗಳಿಗೆ ಹೊಸದಾಗಿ ಎರಕ ಹೊಯ್ದ ಚಕ್ರಗಳು ಸಿಗುತ್ತವೆ. ಚಾಸಿಸ್ಸೇ ಉಬ್ಬಿದ್ದರೆ ಓಡಿಸುವ ಆಸೆ ಬಿಟ್ಟು ನೋಡಲು ಇಟ್ಟುಕೊಳ್ಳಿ. ಉಬ್ಬಿದ ಎರಕದೊಳಗೆ ಸಿಕ್ಕಿಕೊಂಡ ಆಕ್ಸಲನ್ನು ಬಲವಂತವಾಗಿ ತೆಗೆಯಲು ಹೋದರೆ ಇಡೀ ಚಾಸಿಸ್ ಎರಡು ತುಂಡು. ಹಣ ಕೊಟ್ಟು ಕೊಳ್ಳುತ್ತಿದ್ದೀರಾ? ಹಾಗಾದರೆ ಈ ಪರೀಕ್ಷೆ ಕೊಳ್ಳುವ ಮೊದಲೇ ಆಗಬೇಕು.

ಎರಡನೆಯದು ಹಳೆಯ ಪ್ಲಾಸ್ಟಿಕ್‌ನ ಸೊಟ್ಟತನ. 1950ರ ಆಸುಪಾಸಿನ ಕೆಲವು ಇಂಜಿನ್‌ಗಳ ಮೈ ಸೆಲ್ಯುಲೋಸ್ ಅಸಿಟೇಟ್‌ನದ್ದು. ಬ್ರಿಟನ್‌ನ ಟ್ರೈ-ಆಂಗ್ ಬ್ರ್ಯಾಂಡ್‌ನ ಆರಂಭದ ಇಂಜಿನ್‌ಗಳು ಇದಕ್ಕೆ ಹೆಸರುವಾಸಿ. ಕಾಲ ಕಳೆದಂತೆ ಅದು ಕುಗ್ಗಿ ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ವಿನೆಗರ್ ವಾಸನೆಯೂ ಬರುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿ ನೇರ ಮಾಡುತ್ತೇನೆ ಅಂತ ಹೊರಡಬೇಡಿ. ತಂಪಾದ, ಗಾಳಿಯಾಡುವ ಜಾಗದಲ್ಲಿ ಇಟ್ಟರೆ ಇನ್ನಷ್ಟು ಹದಗೆಡುವುದು ನಿಧಾನವಾಗುತ್ತದೆ.

3. ಕೊಳೆ ತೆಗೆಯುವುದು

ಮೊದಲು ಒಣ ಬ್ರಷ್. ಮೇಲಿಂದ ಕೆಳಗೆ, ಮೂಲೆ ಮೂಲೆಗೆ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಧೂಳೇ ಮರಳು ಕಾಗದವಾಗಿ ಬಣ್ಣವನ್ನು ಗೀಚುತ್ತದೆ.

ಆಮೇಲೂ ಜಿಡ್ಡು ಉಳಿದಿದ್ದರೆ, ಬೆಚ್ಚನೆಯ ನೀರಿಗೆ ಒಂದು ಹನಿ ಮೃದು ಸೋಪು ಹಾಕಿ. ಹತ್ತಿ ಕಡ್ಡಿ ಅದ್ದಿ, ಚೆನ್ನಾಗಿ ಹಿಂಡಿ, ಯಾರಿಗೂ ಕಾಣದ ಜಾಗದಲ್ಲಿ ಒಮ್ಮೆ ಉಜ್ಜಿ ನೋಡಿ. ಕಡ್ಡಿಯ ತುದಿ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿದರೆ ಅದು ಕೊಳೆ, ಮುಂದುವರಿಯಿರಿ. ಕೆಂಪು, ಹಸಿರು ಬಂದರೆ ನೀವು ತೆಗೆಯುತ್ತಿರುವುದು ಬಣ್ಣ. ಅಲ್ಲಿಗೇ ನಿಲ್ಲಿಸಿ. ಒಂದು ಅಂಗೈ ಅಗಲ ಒರೆಸಿದ ತಕ್ಷಣ ಒಣಗಿಸಿ, ಆಮೇಲೆ ಪಕ್ಕದ ಜಾಗಕ್ಕೆ ಹೋಗಿ.

ತಗಡಿನ ರೈಲಿನಲ್ಲಿ ಎರಡು ಬಗೆ ಇದೆ. ಒಂದಕ್ಕೆ ಬಣ್ಣ ಬಳಿದಿರುತ್ತಾರೆ. ಇನ್ನೊಂದರಲ್ಲಿ ಕಿಟಕಿ, ಬಾಗಿಲು, ಅಕ್ಷರ ಎಲ್ಲವನ್ನೂ ತಗಡಿನ ಮೇಲೆ ನೇರವಾಗಿ ಅಚ್ಚು ಹಾಕಿರುತ್ತಾರೆ, ಇದಕ್ಕೆ ಲಿಥೊ ಅನ್ನುತ್ತಾರೆ. ಲಿಥೊ ಮೇಲಿನ ಮೆರುಗು ತೆಳುವಾಗಿರುತ್ತದೆ, ಗೀರಿನ ಮೂಲಕ ನೀರು ಒಳಗೆ ಹೋದರೆ ಕೆಳಗಿನಿಂದ ತುಕ್ಕು ಎಬ್ಬಿಸುತ್ತದೆ. ಆದಷ್ಟೂ ನೀರಿಲ್ಲದೆಯೇ ಕೆಲಸ ಮಾಡಿ.

ಎಚ್ಚರಿಕೆ ಇಡಬೇಕಾದ ಜಾಗ ಇನ್ನೊಂದು ಇದೆ: ಅಕ್ಷರ ಮತ್ತು ನಂಬರ್. ಬೋಗಿಯ ಬಣ್ಣ ಗಟ್ಟಿಯಾಗಿದ್ದರೂ ಅದರ ಮೇಲಿನ ಬಂಗಾರದ ಅಥವಾ ಬಿಳಿ ಅಕ್ಷರ ಒಂದೇ ಒರೆಸಿಗೆ ಮಾಯವಾಗಬಹುದು. ಅಕ್ಷರದ ಸುತ್ತ ಒರೆಸಿ, ಅಕ್ಷರವನ್ನು ಮುಟ್ಟಬೇಡಿ. ಆಲ್ಕೊಹಾಲ್, ಥಿನ್ನರ್, ಅಸಿಟೋನ್ ಇವು ಯಾವುದೂ ಬಣ್ಣದ ಹತ್ತಿರ ಬರಬಾರದು. ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸಿಯೇ ಬಿಡುತ್ತದೆ.

ಕೊನೆಗೆ ತಗಡಿಗೆ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳುವಾಗಿ ಹಚ್ಚಿ ಒರೆಸಬಹುದು. ಮ್ಯೂಸಿಯಂಗಳಲ್ಲಿ ಲೋಹದ ವಸ್ತುಗಳಿಗೆ ಬಳಸುವ ಮೇಣ ಇದು. ಕಾರ್ ಪಾಲಿಶ್ ಬೇಡ, ಹೆಚ್ಚಿನವುಗಳಲ್ಲಿ ಉಜ್ಜುವ ಪುಡಿ ಇರುತ್ತದೆ.

4. ತುಕ್ಕು

ಬಣ್ಣದ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ ಇದ್ದರೆ ತೆಳು ಎಣ್ಣೆ ಒಂದು ಹನಿ ಬಿಟ್ಟು ಒಂದು ದಿನ ಹಾಗೇ ಇಡಿ. ಮಾರನೇ ದಿನ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು ಒರೆಸಿ. ಕಲೆ ಪೂರ್ತಿ ಹೋಗದಿದ್ದರೂ ಬೇಜಾರಿಲ್ಲ. ಹರಡುವುದು ನಿಂತರೆ ಸಾಕು.

ಬಣ್ಣ ಇಲ್ಲದ ಉಕ್ಕಿನ ಬಿಡಿಭಾಗವನ್ನು ಸಿಟ್ರಿಕ್ ಆಸಿಡ್‌ನ ತೆಳು ದ್ರಾವಣದಲ್ಲಿ ನೆನೆಸಿ, ತೊಳೆದು, ಒಣಗಿಸಿ ಎಣ್ಣೆ ಹಚ್ಚಬಹುದು. ಆದರೆ ಸತುವಿನ ಎರಕದ ಭಾಗವನ್ನು ಅದರಲ್ಲಿ ಹಾಕಬೇಡಿ, ಆಮ್ಲ ಸತುವನ್ನು ತಿಂದುಬಿಡುತ್ತದೆ.

ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಒಣ ಮರಳು ಕಾಗದದಿಂದ ಉಜ್ಜಿ ಆ ಪುಡಿ ಉಸಿರಿಗೆ ಹೋಗುವಂತೆ ಮಾಡಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಸಣ್ಣ ಮಕ್ಕಳ ಕೈಗೆ ಆಡಲು ಈ ರೈಲು ಕೊಡಬೇಡಿ.

5. ಮೋಟರ್ ಬಿಚ್ಚುವುದು

ಹಳೆಯ ರೈಲು ಓಡದೇ ಇರುವುದಕ್ಕೆ ಮೋಟರ್ ಸುಟ್ಟಿರುವುದು ಅಪರೂಪ. ಗ್ರೀಸ್ ಗಟ್ಟಿಯಾಗಿರುತ್ತದೆ, ಇಲ್ಲವೇ ಕೊಳೆ ಕರೆಂಟನ್ನು ತಡೆದಿರುತ್ತದೆ. ಮೋಟರ್ ಸತ್ತಿದೆ ಅಂತ ಮಾರುವವರು ಎಷ್ಟೋ ಸಲ ಒಳ್ಳೆಯ ಮೋಟರನ್ನೇ ಮಾರುತ್ತಿರುತ್ತಾರೆ.

ಒಂದೊಂದು ಸ್ಕ್ರೂ ತೆಗೆದಾಗಲೂ ಒಂದು ಫೋಟೊ ತೆಗೆಯಿರಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಉದ್ದದ್ದನ್ನು ತಪ್ಪು ತೂತಿಗೆ ಹಾಕಿದರೆ ಒಳಗಿನ ಸುರುಳಿಗೆ ಚುಚ್ಚುತ್ತದೆ. ಬಿಚ್ಚಿದ ಕ್ರಮದಲ್ಲೇ ಟ್ರೇಯಲ್ಲಿ ಸಾಲಾಗಿ ಇಡಿ.

ಮುಂದುವರಿಯುವ ಮುಂಚೆ ಎರಡು ಬೇಡಗಳು. ಆವಿ ಇಂಜಿನ್ ಮಾದರಿಯ ದೊಡ್ಡ ಚಕ್ರಗಳನ್ನು ಆಕ್ಸಲ್‌ನಿಂದ ಕೀಳಬೇಡಿ. ಎಡ ಮತ್ತು ಬಲ ಚಕ್ರಗಳನ್ನು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ಕೂರಿಸಿರುತ್ತಾರೆ. ಅದು ಸ್ವಲ್ಪ ತಪ್ಪಿದರೂ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಪಕ್ಕದ ಕಡ್ಡಿಗಳು ಪ್ರತಿ ಸುತ್ತಿಗೂ ಸಿಕ್ಕಿಹಾಕಿಕೊಳ್ಳುತ್ತವೆ. ಸರಿಯಾಗಿ ಮತ್ತೆ ಕೂರಿಸಲು ಅದರದ್ದೇ ಜಿಗ್, ಅಂದರೆ ಚಕ್ರಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಸಲಕರಣೆ, ಬೇಕು.

ಎರಡನೆಯದು ಆಯಸ್ಕಾಂತದ ವಿಷಯ. ಹಾರ್ನ್‌ಬಿ ಡಬ್ಲೋ, ಟ್ರೈ-ಆಂಗ್‌ನಂಥ ಹಳೆಯ ಡಿಸಿ ಮೋಟರುಗಳಲ್ಲಿ ತಿರುಗುವ ಭಾಗಕ್ಕೆ ಆರ್ಮೆಚರ್ ಅನ್ನುತ್ತಾರೆ. ತಂತಿ ಸುತ್ತಿರುವ ಈ ಕಬ್ಬಿಣದ ಮುದ್ದೆಯನ್ನು ಹೊರಗೆ ಎಳೆದ ಕ್ಷಣದಿಂದ ಸುತ್ತಲಿನ ಆಯಸ್ಕಾಂತದ ಶಕ್ತಿ ಕಡಿಮೆಯಾಗುತ್ತದೆ. ಸುಮ್ನೆ ಕುತೂಹಲಕ್ಕೆ ತೆಗೆದು ನೋಡಿ ವಾಪಸ್ ಹಾಕಿದರೂ ಇಂಜಿನ್ ಮುಂಚಿಗಿಂತ ಸೊರಗಿರುತ್ತದೆ, ಜಾಸ್ತಿ ಕರೆಂಟ್ ಎಳೆಯುತ್ತದೆ. ತೆಗೆಯಲೇಬೇಕಾದರೆ ಆಯಸ್ಕಾಂತದ ಎರಡು ತುದಿಗಳಿಗೂ ಅಂಟುವಂತೆ ಒಂದು ಮೆತು ಕಬ್ಬಿಣದ ತುಂಡನ್ನು ಮೊದಲು ಕೂರಿಸಿ, ಆಮೇಲೆ ಆರ್ಮೆಚರ್ ಎಳೆಯಿರಿ. ಹೆಚ್ಚಿನ ರಿಪೇರಿಗೆ ತೆಗೆಯುವ ಅಗತ್ಯವೇ ಬರುವುದಿಲ್ಲ.

ಈಗ ಕಮ್ಯುಟೇಟರ್. ಆರ್ಮೆಚರ್‌ನ ಒಂದು ತುದಿಯಲ್ಲಿ ತಾಮ್ರದ ತುಂಡುಗಳು ಇರುತ್ತವೆ, ಸಾಮಾನ್ಯವಾಗಿ ಮೂರು. ಕೆಲವು ಮೋಟರುಗಳಲ್ಲಿ ಅದು ಉರುಳೆಯಂತಿರುತ್ತದೆ, ಕೆಲವುಗಳಲ್ಲಿ ಚಪ್ಪಟೆ ಬಿಲ್ಲೆಯಂತಿರುತ್ತದೆ. ಅದರ ಮೇಲೆ ಉಜ್ಜುತ್ತಾ ಕರೆಂಟ್ ಕೊಡುವ ಕಾರ್ಬನ್ ತುಂಡುಗಳಿಗೆ ಬ್ರಷ್ ಅನ್ನುತ್ತಾರೆ. ಕಾರ್ಬನ್ ಪುಡಿಯೂ ಹಳೆ ಎಣ್ಣೆಯೂ ಸೇರಿ ತಾಮ್ರದ ಮೇಲೆ ಕಪ್ಪು ಹೊರಪದರ ಕಟ್ಟಿರುತ್ತದೆ. ಹತ್ತಿ ಕಡ್ಡಿಗೆ ಆಲ್ಕೊಹಾಲ್ ಹಾಕಿ, ಆರ್ಮೆಚರನ್ನು ಬೆರಳಿನಲ್ಲಿ ನಿಧಾನ ತಿರುಗಿಸುತ್ತಾ ಒರೆಸಿ. ಕಡ್ಡಿ ಬದಲಿಸುತ್ತಾ ಹೋಗಿ, ಕಪ್ಪು ಬರುವುದು ನಿಲ್ಲುವವರೆಗೆ. ತಾಮ್ರ ಹೊಳೆಯಲು ಶುರುವಾದ ಮೇಲೆ ದೀಪ ಹತ್ತಿರ ತಂದು ತುಂಡುಗಳ ನಡುವಿನ ಸಂದುಗಳನ್ನು ನೋಡಿ. ಕೂದಲೆಳೆಯಷ್ಟು ಅಗಲದ ಆ ಸಂದಿನಲ್ಲಿ ಕಾರ್ಬನ್ ಪುಡಿ ತುಂಬಿಕೊಂಡಿದ್ದರೆ ಎರಡು ತುಂಡುಗಳ ನಡುವೆ ಶಾರ್ಟ್ ಆಗುತ್ತದೆ. ಟೂತ್‌ಪಿಕ್ಕಿನ ಚೂಪು ತುದಿಯಿಂದ ಎಳೆದು ತೆಗೆಯಿರಿ. ಸೂಜಿ, ಬ್ಲೇಡ್ ಬೇಡ. ತಾಮ್ರದ ಅಂಚು ಎದ್ದರೆ ಕಾರ್ಬನ್ನನ್ನು ತಿಂದುಹಾಕುತ್ತದೆ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಬ್ರಷ್‌ಗಳನ್ನು ಬಿಡಿಸಿ, ತಾಮ್ರದ ತುಂಡುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ತುಂಡಿನ ಮೋಟರಿನಲ್ಲಿ ಮೂರು ಸಲವೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. ಒಂದು ಮಾತ್ರ ಬೇರೆ ಬಂದರೆ ಆ ಸುರುಳಿ ಕಡಿದಿದೆ ಅಥವಾ ಶಾರ್ಟ್ ಆಗಿದೆ. ಯಾವುದೇ ತುಂಡಿನಿಂದ ನಡುವಿನ ಉಕ್ಕಿನ ಕಂಬಿಗೆ ಸಂಪರ್ಕ ತೋರಿಸಲೂ ಬಾರದು. ಈ ಎರಡರಲ್ಲಿ ಒಂದು ಕಂಡುಬಂದರೆ ಆರ್ಮೆಚರ್ ಮತ್ತೆ ಸುತ್ತಿಸಬೇಕು. ಅದು ನುರಿತವರ ಕೆಲಸ.

ಬ್ರಷ್ ಸ್ಪ್ರಿಂಗ್ ಬಿಗಿ ಜಾಸ್ತಿಯಾದರೆ ಮೋಟರ್ ಬಿಸಿಯಾಗುತ್ತದೆ, ಸಡಿಲವಾದರೆ ಕಿಡಿ ಹಾರುತ್ತದೆ. ಎಳೆದು ಬಗ್ಗಿಸಿ ಸರಿ ಮಾಡುವುದಕ್ಕಿಂತ ಅದೇ ಅಳತೆಯ ಹೊಸ ಸ್ಪ್ರಿಂಗ್ ಹಾಕುವುದು ಮೇಲು.

ಗಟ್ಟಿಯಾಗಿ ಕಂದು ಅಂಟಿನಂತಾದ ಗ್ರೀಸನ್ನು ಗೇರ್ ಹಲ್ಲುಗಳಿಂದ ಟೂತ್‌ಪಿಕ್‌ನಲ್ಲಿ ಕೆತ್ತಿ, ಉಳಿದದ್ದನ್ನು ಆಲ್ಕೊಹಾಲ್‌ನಲ್ಲಿ ಒರೆಸಿ. ಹಳಿಯಿಂದ ಕರೆಂಟ್ ತರುವ ರೋಲರ್ ಅಥವಾ ಪಟ್ಟಿ, ಚಕ್ರದ ಓಡುವ ಮೈ, ಇವನ್ನೂ ಹಾಗೇ ಒರೆಸಿ. ತಂತಿಯ ಮೇಲಿನ ಬಟ್ಟೆ ಅಥವಾ ರಬ್ಬರ್ ಹೊದಿಕೆ ಪುಡಿಯಾಗುತ್ತಿದ್ದರೆ ಬದಲಿಸಿ. ಹಳೆ ತಂತಿಯ ತುಂಡನ್ನು ಒಂದು ಚೀಲದಲ್ಲಿ ಹಾಕಿಟ್ಟುಕೊಂಡರೆ ಬಣ್ಣ, ದಪ್ಪ ಎಲ್ಲ ಮುಂದಕ್ಕೆ ಗೊತ್ತಾಗುತ್ತದೆ.

6. ಕೀ ಕೊಡುವ ಇಂಜಿನ್

ಇದಕ್ಕೆ ಕಡಿಮೆ ಕೆಲಸ, ಆದರೆ ಅಪಾಯ ಜಾಸ್ತಿ. ಒಳಗಿನ ಉಕ್ಕಿನ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡಿದೆ ಅಂತ ಖಾತ್ರಿಯಾಗದೆ ಪಕ್ಕದ ಪ್ಲೇಟ್ ಬಿಚ್ಚಬೇಡಿ. ಬಿಗಿಯಾಗಿರುವ ಸ್ಪ್ರಿಂಗ್ ಹಾರಿ ಬಂದರೆ ಕೈ ಸೀಳುತ್ತದೆ. ಚಕ್ರ ಸಿಕ್ಕಿಕೊಂಡು ಸ್ಪ್ರಿಂಗ್ ಬಿಗಿಯಲ್ಲೇ ನಿಂತಿದ್ದರೆ, ಕೀಯನ್ನು ಗಟ್ಟಿಯಾಗಿ ಹಿಡಿದು, ಹಲ್ಲಿಗೆ ತಡೆಹಾಕುವ ಸಣ್ಣ ಪಟ್ಟಿಯನ್ನು ಎತ್ತಿ, ಕೀಯನ್ನು ಕೈಯಲ್ಲೇ ಹಿಡಿದಂತೆ ಅರ್ಧರ್ಧ ಸುತ್ತು ಬಿಡುತ್ತಾ ಬನ್ನಿ. ಕನ್ನಡಕ ಹಾಕಿಕೊಳ್ಳಿ.

ಹೆಚ್ಚಿನ ಸಲ ಬಿಚ್ಚುವ ಅಗತ್ಯವೇ ಇಲ್ಲ. ಆಕ್ಸಲ್ ತುದಿಗಳಿಗೆ ಎಣ್ಣೆ ಬಿಟ್ಟು, ಚಕ್ರಕ್ಕೆ ಸುತ್ತಿಕೊಂಡ ಕೂದಲು, ಕಾರ್ಪೆಟ್ ನೂಲು ತೆಗೆದರೆ ಮತ್ತೆ ಓಡುತ್ತದೆ. ಓಡಿಸುವಾಗ ಕೀಯನ್ನು ಕೊನೆಯವರೆಗೆ ತಿರುಗಿಸಬೇಡಿ, ಹಳೆ ಉಕ್ಕು ತುಂಡಾಗಬಹುದು. ಎತ್ತಿಡುವಾಗ ಸ್ಪ್ರಿಂಗ್ ಸಡಿಲವಾಗಿರಲಿ.

ನಿಜವಾಗಿ ನೀರು ಕಾಯಿಸಿ ಉಗಿಯಲ್ಲಿ ಓಡುವ ಇಂಜಿನ್ ನಿಮ್ಮದಾಗಿದ್ದರೆ ಈ ಲೇಖನ ಬಿಟ್ಟು ಬಾಯ್ಲರ್ ಪರೀಕ್ಷೆ ಮಾಡುವವರ ಹತ್ತಿರ ಹೋಗಿ. ಒತ್ತಡ ಪರೀಕ್ಷೆ ಆಗದ ಹಳೆ ಬಾಯ್ಲರ್‌ಗೆ ಬೆಂಕಿ ಹಚ್ಚಬಾರದು. ಅದರ ಸುತ್ತ ಬೂದು ಬಣ್ಣದ ನಾರಿನ ಹೊದಿಕೆ ಇದ್ದರೆ ಅದು ಕಲ್ನಾರು ಇರಬಹುದು, ಕೆದಕಬೇಡಿ.

7. ಎಣ್ಣೆ

ಎಲ್ಲರೂ ಜಾಸ್ತಿ ಹಾಕುತ್ತಾರೆ. ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಹನಿ ಸಾಕು. ಆಕ್ಸಲ್ ತಿರುಗುವ ಜಾಗ, ಆರ್ಮೆಚರ್‌ನ ಎರಡು ತುದಿ, ಪಕ್ಕದ ಕಡ್ಡಿಗಳ ಕೀಲು, ಇಷ್ಟಕ್ಕೆ ಎಣ್ಣೆ. ಗೇರ್ ಹಲ್ಲಿಗೆ ಗ್ರೀಸ್. ಕಮ್ಯುಟೇಟರ್‌ಗೆ ಏನೂ ಬೇಡ, ಅಲ್ಲಿಗೆ ಹರಿದ ಎಣ್ಣೆಯೇ ಮತ್ತೆ ಕಪ್ಪು ಪದರ ಕಟ್ಟುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ, ಅದನ್ನು ಮೋಟರೊಳಗೆ ಹೊಡೆಯಬೇಡಿ. ಬೇಡದ ಕಡೆಗೆಲ್ಲ ಹರಿಯುತ್ತದೆ, ಆರಿದ ಮೇಲೆ ಅಂಟಾಗುತ್ತದೆ.

8. ಮೊದಲ ಓಟ

ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್ ಜೊತೆಗೆ ಬಂದಿದ್ದರೆ ಅದನ್ನು ಶೋಕೇಸ್‌ನಲ್ಲಿ ಇಡಿ, ಗೋಡೆಯ ಪ್ಲಗ್ಗಿಗೆ ಹಾಕಬೇಡಿ. ಒಳಗಿನ ಹೊದಿಕೆ ಒಣಗಿ ಬಿರುಕು ಬಿಟ್ಟಿರುತ್ತದೆ, ಮೈಗೆ ಶಾಕ್ ಹೊಡೆಯಬಹುದು. ಡಿಸಿ ಇಂಜಿನ್‌ಗೆ ಈಗಿನ 12 ವೋಲ್ಟ್ ಕಂಟ್ರೋಲರ್ ಆಗುತ್ತದೆ. ಆದರೆ ಹಳೆ ಮೋಟರ್ ಹೊಸದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ಒಂದು ಆಂಪಿಯರ್‌ಗಿಂತ ಜಾಸ್ತಿ ಕೊಡಬಲ್ಲದ್ದನ್ನೇ ಆರಿಸಿ. ಎಸಿ ಇಂಜಿನ್‌ಗೆ ಅದೇ ಬಗೆಯ ಹೊಸ ಎಸಿ ಟ್ರಾನ್ಸ್‌ಫಾರ್ಮರ್ ಬೇಕು. ಹಳೆ ಮಾರ್ಕ್ಲಿನ್ ಸುಮಾರು 16 ವೋಲ್ಟ್‌ನಲ್ಲಿ ಓಡುತ್ತದೆ. ದಿಕ್ಕು ಬದಲಿಸಲು ಅದಕ್ಕೆ ಒಂದು ಕ್ಷಣ 24 ವೋಲ್ಟ್ ತಟ್ಟಬೇಕು.

ಇಂಜಿನನ್ನು ಮೊದಲು ಹಳಿಯ ಮೇಲೆ ಇಡಬೇಡಿ. ತಲೆಕೆಳಗಾಗಿ ಮೆತ್ತನೆ ಬಟ್ಟೆಯ ಮೇಲೆ ಮಲಗಿಸಿ, ಎರಡು ತಂತಿ ಮುಟ್ಟಿಸಿ, ಕಡಿಮೆ ವೋಲ್ಟೇಜ್‌ನಿಂದ ಶುರು ಮಾಡಿ. ಸಣ್ಣ ಕಿಡಿ, ಸ್ವಲ್ಪ ಓಜೋನ್ ವಾಸನೆ ಸಹಜ. ಹೊಗೆ ಅಥವಾ ಸುಟ್ಟ ಮೆರುಗೆಣ್ಣೆಯ ವಾಸನೆ ಬಂದರೆ ತಕ್ಷಣ ಆಫ್ ಮಾಡಿ. ಎರಡು ದಿಕ್ಕಿಗೂ ಕೆಲವು ನಿಮಿಷ ಭಾರವಿಲ್ಲದೆ ಹಾಗೇ ಓಡಿಸಿ, ಆಮೇಲೆ ಹಳಿಗೆ ಇಳಿಸಿ, ಕೊನೆಗೆ ಬೋಗಿ ಜೋಡಿಸಿ.

ಹಳಿ ಉಜ್ಜಲು ಸ್ಟೀಲ್ ವುಲ್ ಬಳಸಲೇಬೇಡಿ. ಅದರ ಸೂಕ್ಷ್ಮ ನೂಲುಗಳನ್ನು ಮೋಟರಿನ ಆಯಸ್ಕಾಂತ ಒಳಗೆ ಎಳೆದುಕೊಂಡು ಶಾರ್ಟ್ ಮಾಡಿಸುತ್ತದೆ. ಆಲ್ಕೊಹಾಲ್ ಹಚ್ಚಿದ ಬಟ್ಟೆ ಸಾಕು.

ಹಳೆ ಓಓ ಇಂಜಿನ್ ಈಗಿನ ಹಳಿಯ ಮೇಲೆ ಟಕಟಕ ಅಂತ ಕುಣಿಯುತ್ತಿದ್ದರೆ ಅದು ರಿಪೇರಿಯ ದೋಷ ಅಲ್ಲ. ಹಳೆ ಚಕ್ರಗಳ ಅಂಚು, ಅಂದರೆ ಹಳಿಯ ಒಳಬದಿಗೆ ಇಳಿಯುವ ಫ್ಲ್ಯಾಂಜ್, ತುಂಬಾ ಆಳ. ಈಗಿನ ಗಿಡ್ಡ ಹಳಿಯನ್ನು ಹಿಡಿದಿಡುವ ಗುಬಟುಗಳಿಗೆ ಅದು ತಾಗುತ್ತದೆ. ಚಕ್ರ ಅರೆದು ಸಣ್ಣದು ಮಾಡುವ ಬದಲು ಎತ್ತರದ ಹಳಿ ಹಾಕಿ.

9. ಹೊಸ ಬಣ್ಣದ ಪ್ರಶ್ನೆ

ನನ್ನ ಮಟ್ಟಿಗೆ ಉತ್ತರ ಬೇಡ ಎಂದೇ. ಮೂಲ ಬಣ್ಣ ಎಷ್ಟೇ ಸವೆದಿರಲಿ, ಸಂಗ್ರಹಕಾರರು ಅದಕ್ಕೇ ಬೆಲೆ ಕೊಡುತ್ತಾರೆ. ಫಳಫಳ ಹೊಳೆಯುವ ಹೊಸ ಬಣ್ಣ ಆ ಬೆಲೆಯನ್ನು ಇಳಿಸುತ್ತದೆ.

ಆದರೂ ಒಂದು ಸಂದರ್ಭ ಇದೆ. ಹಿಂದೆ ಯಾರೋ ಮನೆಯ ಕಿಟಕಿಗೆ ಹೊಡೆಯುವ ಬಣ್ಣ ಬಳಿದಿದ್ದಾರೆ, ಅಥವಾ ಬಣ್ಣ ಪೂರ್ತಿ ಎದ್ದುಹೋಗಿ ಬರೀ ತುಕ್ಕು ಉಳಿದಿದೆ, ಅದೂ ಎಲ್ಲೆಲ್ಲೂ ಸಿಗುವ ಮಾಡೆಲ್. ಆಗ ಹೊಡೆಯಿರಿ, ತಪ್ಪೇನಿಲ್ಲ. ಮೇಲೆ ಬಳಿದ ಬಣ್ಣದ ಕೆಳಗೆ ಮೂಲದ್ದು ಉಳಿದಿದೆಯಾ ಅಂತ ಒಂದು ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ. ಹೊಡೆದ ಮೇಲೆ ತಳದಲ್ಲಿ ಹೊರಗೆ ಕಾಣದ ಜಾಗದಲ್ಲಿ ವರ್ಷ ಬರೆದು, ಹೊಸ ಬಣ್ಣ ಅಂತ ಗುರುತು ಹಾಕಿ. ಬದಲಿ ಬಿಡಿಭಾಗಕ್ಕೂ ಇದೇ ನಿಯಮ. ಮಾರುವಾಗ ಇದನ್ನು ಮುಚ್ಚಿಡುವುದು ಮೋಸ.

10. ಜೋಡಿಸಿಡುವುದು

ರೈಲು ಹಾಳಾಗುವುದು ಓಡಿಸಿ ಅಲ್ಲ, ತಪ್ಪಾಗಿ ಇಟ್ಟು. ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಒಳಗೆ ಹ್ಯಾಲೊಜೆನ್ ದೀಪ ಬೇಡ, ಬಿಸಿ ಕೂಡಿಕೊಳ್ಳುತ್ತದೆ. ಎಲ್‌ಇಡಿ ಪಟ್ಟಿ ಹಾಕಿ, ನೋಡುವಾಗ ಮಾತ್ರ ಹಚ್ಚಿ.

ಕಪಾಟಿನ ಮರದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಓಕ್ ಮರ, ಎಂಡಿಎಫ್ ಮತ್ತು ಚಿಪ್‌ಬೋರ್ಡ್‌ನಿಂದ ಆಮ್ಲದ ಆವಿ ಬರುತ್ತಲೇ ಇರುತ್ತದೆ. ಗಾಜು ಹಾಕಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೊರಗೆ ಹೋಗಲಾರದೆ ಸೀಸ ಮತ್ತು ಸತುವಿನ ಭಾಗಗಳ ಮೇಲೆ ಬಿಳಿ ಪುಡಿ ಎಬ್ಬಿಸುತ್ತದೆ. ಲೋಹ ಮತ್ತು ಗಾಜಿನ ಕಪಾಟು ಒಳ್ಳೆಯದು. ತೇವ ಜಾಸ್ತಿ ಇರುವ ಕೋಣೆಯಾದರೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪಕ್ಕದಲ್ಲಿ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಇಡಿ. ತೇವ ಶೇಕಡಾ 50ರ ಆಸುಪಾಸಿನಲ್ಲಿ, ಏರಿಳಿತ ಇಲ್ಲದೆ ಇದ್ದರೆ ಸಾಕು.

ಇಂಜಿನನ್ನು ಒಂದು ತುಂಡು ಹಳಿಯ ಮೇಲೆ ನಿಲ್ಲಿಸಿ, ಚಕ್ರಕ್ಕೆ ಪುಟ್ಟ ತಡೆ ಕೊಡಿ. ಬಾಗಿಲು ತೆಗೆದ ಅದುರಿಗೆ ಉರುಳಿ ಬಿದ್ದ ಇಂಜಿನ್‌ಗಳು ಕಡಿಮೆ ಇಲ್ಲ. ಚಕ್ರಕ್ಕೆ ರಬ್ಬರ್ ಪಟ್ಟಿ ಇದ್ದರೆ ಆಗಾಗ ಸ್ವಲ್ಪ ಮುಂದೆ ಸರಿಸಿ, ಇಲ್ಲದಿದ್ದರೆ ಒಂದೇ ಕಡೆ ಚಪ್ಪಟೆಯಾಗುತ್ತದೆ.

ಇರುವುದನ್ನೆಲ್ಲ ಒಂದೇ ಸಲ ತುಂಬಬೇಡಿ. ಒಂದು ಸಾಲಿನಲ್ಲಿ ಒಂದು ಇಂಜಿನ್, ಅದರದ್ದೇ ಕಾಲದ ಮೂರು ಬೋಗಿ, ಹಿಂದೆ ಮೂಲ ಡಬ್ಬ, ಇಷ್ಟಿದ್ದರೆ ಕಣ್ಣು ನಿಲ್ಲುತ್ತದೆ. ಪಕ್ಕದಲ್ಲಿ ಸಣ್ಣ ಚೀಟಿ: ತಯಾರಕರು, ಕಾಲ, ಗೇಜ್, ಯಾವ ಭಾಗ ಬದಲಾಗಿದೆ. ಡಬ್ಬ ಹರಿದಿದ್ದರೂ ಬಿಸಾಡಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಟೇಪಿನ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಒಳಗೆ ಎತ್ತಿಡುವ ರೈಲುಗಳನ್ನು ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ. ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಅದರ ಗುಳ್ಳೆಗಳ ಗುರುತು ಬಣ್ಣದ ಮೇಲೆ ಮೂಡಿಬಿಡುತ್ತದೆ.

11. ಜನರ ಮುಂದೆ ಓಡಿಸುವುದು

ಪ್ರದರ್ಶನಕ್ಕೆ ಒಯ್ಯುವಾಗ ಅಪರೂಪದ ಇಂಜಿನ್ ಗಾಜಿನೊಳಗೆ ಇರಲಿ, ಓಡಿಸಲು ಬಿಡಿಭಾಗ ಸುಲಭವಾಗಿ ಸಿಗುವ ಇಂಜಿನ್ ತನ್ನಿ. ಅದೂ ಎರಡು ಇರಲಿ. ಹತ್ತು ನಿಮಿಷ ಒಂದು ಓಡಿದರೆ ಮುಂದಿನ ಹತ್ತು ನಿಮಿಷ ಇನ್ನೊಂದು. ಮೋಟರ್ ಮೇಲೆ ಬೆರಳಿಟ್ಟು ನೋಡಿ, ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ವಿಶ್ರಾಂತಿ.

ಉದ್ದದ ಹಳಿಗೆ ಒಂದೇ ಕಡೆ ಕರೆಂಟ್ ಕೊಟ್ಟರೆ ದೂರದ ತುದಿಯಲ್ಲಿ ರೈಲು ಏದುಸಿರು ಬಿಡುತ್ತದೆ. ತಗಡಿನ ಹಳಿಗಳ ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರುವುದೇ ಕಾರಣ. ಹಳಿಯ ಕೆಳಗೆ ದಪ್ಪ ತಂತಿ ಎಳೆದು ಮೂರು ನಾಲ್ಕು ಕಡೆ ಜೋಡಿಸಿ. ಮೂರು ಹಳಿಯ ಸೆಟ್‌ಗಳಲ್ಲಿ ತಿರುವುಗಳು ಗಿಡ್ಡ, ವೇಗವಾಗಿ ಬಿಟ್ಟರೆ ಮೇಜಿನಿಂದ ಕೆಳಕ್ಕೆ ಹಾರುತ್ತದೆ. ಅಂಚಿಗೆ ಒಂದು ಕೈ ಎತ್ತರದ ಪಾರದರ್ಶಕ ಹಲಗೆ ಹಾಕಿದರೆ ರೈಲೂ ಉಳಿಯುತ್ತದೆ, ಮಕ್ಕಳ ಬೆರಳೂ ದೂರ ಇರುತ್ತದೆ. ಮೇಜು ತೀರಾ ಎತ್ತರ ಮಾಡಬೇಡಿ, ನೋಡುವವರಲ್ಲಿ ಅರ್ಧ ಜನ ಸಣ್ಣವರೇ.

ಫೋಟೊ ತೆಗೆಯುವವರು ಬಂದರೆ ಮೇಲಿಂದ ತೆಗೆಯಲು ಬಿಡಬೇಡಿ. ಕ್ಯಾಮೆರಾ ಹಳಿಯ ಮಟ್ಟಕ್ಕೆ ಇಳಿಸಿ, ಬೆಳಕು ಒಂದು ಪಕ್ಕದಿಂದ ಬೀಳಲಿ, ಫ್ಲ್ಯಾಶ್ ಆಫ್ ಇರಲಿ. ನೇರ ಫ್ಲ್ಯಾಶ್ ಬಿದ್ದರೆ ಲಿಥೊ ತಗಡು ಹೊಳೆದು ಅಕ್ಷರವೆಲ್ಲ ಬಿಳಿಯಾಗಿ ಬರುತ್ತದೆ. ಸಂಜೆ ಎಲ್ಲವನ್ನೂ ಕಟ್ಟುವ ಮುಂಚೆ ಚಕ್ರಗಳನ್ನು ಒಮ್ಮೆ ಆಲ್ಕೊಹಾಲ್‌ನಲ್ಲಿ ಒರೆಸಿ, ಮೈ ಮೇಲಿನ ಬೆರಳಚ್ಚುಗಳನ್ನು ಒಣ ಬಟ್ಟೆಯಿಂದ ತೆಗೆಯಿರಿ. ಬೆವರಿನ ಉಪ್ಪು ರಾತ್ರಿ ಕಳೆಯುವುದರೊಳಗೆ ತಗಡಿನ ಮೇಲೆ ಕೆಲಸ ಶುರು ಮಾಡಬಹುದು.